ಪಾಲಿಶ್ ಮೇಸ್ತ್ರಿಯ ಗೀರಿಲ್ಲದ ಕಾರು

ಪಾಲಿಶ್ ಮೇಸ್ತ್ರಿಯ ಮನೆಗೆ ಯಾರೇ ಬರಲಿ, ಕುರ್ಚಿ ಸಿಗುವ ಮೊದಲು ಅವರಿಗೊಂದು ಕೆಲಸ ಕಾದಿರುತ್ತಿತ್ತು. ಗೇಟಿನೊಳಗೆ ನಿಂತ ಕಡುನೀಲಿ ಕಾರಿಗೆ ಒಂದು ಸುತ್ತು ಬಂದು, ಬಗ್ಗಿ ನೋಡಿ, ಎದ್ದು ನೋಡಿ, "ಒಂದೂ ಗೀರಿಲ್ಲ" ಎಂದು ಬಾಯಿಬಿಟ್ಟು ಹೇಳಬೇಕಿತ್ತು. ಹೇಳಿದರೆ ಟೀ. ಸುಮ್ಮನೆ ತಲೆಯಾಡಿಸಿದರೆ ಇನ್ನೊಂದು ಸುತ್ತು. ಗ್ಯಾಸ್ ಸಿಲಿಂಡರ್ ತಂದವನೂ ಇದರಿಂದ ಪಾರಾಗಿರಲಿಲ್ಲ. ಪಾಪ, ಸಿಲಿಂಡರನ್ನು ಹೆಗಲ ಮೇಲೆ ಹೊತ್ತುಕೊಂಡೇ ಸುತ್ತು ಹಾಕಿದ್ದ.

"ಒಂಬತ್ತು ವರ್ಷ ಆಯ್ತು ನೋಡಿ. ಒಬ್ಬರನ್ನೂ ಹತ್ರ ಬಿಟ್ಟಿಲ್ಲ. ಎಲ್ಲಾ ಈ ಕೈಯದ್ದೇ ಕೆಲಸ," ಎಂದು ಮೇಸ್ತ್ರಿ ಎರಡೂ ಅಂಗೈ ಚಾಚಿ ತೋರಿಸುತ್ತಿದ್ದರು.

ಕೈಗಳೇನೋ ತೋರಿಸುವಂಥವೇ. ನಲವತ್ತು ವರ್ಷ ಮೊಸಾಯಿಕ್ ನೆಲ ಉಜ್ಜಿದ ಕೈಗಳು. ಯಂತ್ರ ಹೋಗದ ಮೂಲೆ, ಮೆಟ್ಟಿಲು, ಬಾಗಿಲ ಸಂದು, ಅಲ್ಲೆಲ್ಲ ಮಂಡಿಯೂರಿ ಕೂತು ಕಲ್ಲು ಹಿಡಿದು ಗುಂಡಗೆ, ಗುಂಡಗೆ, ಗುಂಡಗೆ. ಎಷ್ಟೋ ಮನೆಗಳಲ್ಲಿ ಜನ ಇವತ್ತಿಗೂ ಅವರು ಉಜ್ಜಿದ ನೆಲದಲ್ಲಿ ಮುಖ ನೋಡಿಕೊಳ್ಳುತ್ತಾರೆ. ಆ ನಲವತ್ತು ವರ್ಷದಲ್ಲಿ ಅವರು ಕಲಿತದ್ದು ಎರಡೇ ಪಾಠ. ಒತ್ತಿದಷ್ಟೂ ಹೊಳಪು, ಸುತ್ತಿಸಿದಷ್ಟೂ ಹೊಳಪು. ಮಂಡಿಗಳೆರಡೂ ಮುಷ್ಕರ ಹೂಡಿ ಅವರು ಕೆಲಸ ಬಿಟ್ಟ ಮೇಲೆ ಎರಡೂ ಪಾಠಗಳು ಕಾರಿನ ಪಾಲಿಗೆ ಬಂದವು.

ಭಾನುವಾರ ಬೆಳಿಗ್ಗೆ ಎರಡು ಗಂಟೆ ಹೊತ್ತು ಆ ಮನೆಯಲ್ಲಿ ಮೇಸ್ತ್ರಿಯನ್ನು ಯಾರೂ ಮಾತಾಡಿಸುವಂತಿರಲಿಲ್ಲ. ಒಂದು ಬಕೆಟ್, ಒಂದು ಹಿಡಿ ಬಟ್ಟೆ ಸೋಪಿನ ಪುಡಿ, ಒಂದು ಹಳೇ ಬನಿಯನ್ನು. ಧೂಳಿನ ಮೇಲೆ ಮೊದಲು ನೀರು ಬಿಡುವುದೆಂದರೆ ಅವರ ಲೆಕ್ಕದಲ್ಲಿ ನೀರಿನ ದಂಡ. ಬನಿಯನ್ನನ್ನು ಅದ್ದಿ ಧೂಳಿನ ಮೇಲೇ ಇಟ್ಟು, ಮೈಭಾರವನ್ನೆಲ್ಲ ಹಾಕಿ ಗುಂಡಗೆ ಶುರು. ಬನಿಯನ್ನು ಕೈಜಾರಿ ನೆಲಕ್ಕೆ ಬಿದ್ದರೆ ಒಮ್ಮೆ ಕೊಡವಿ ಮತ್ತೆ ಶುರು. ಟೈರು ಒರೆಸಿದ ಬನಿಯನ್ನೇ ಬಾನೆಟ್ಟಿಗೂ. ಕೊನೆಗೆ ಬಕೆಟ್ಟಿನ ನೀರು ಕಷಾಯದ ಬಣ್ಣಕ್ಕೆ ತಿರುಗಿದಾಗ ಅವರಿಗೆ ಕೆಲಸ ಮಾಡಿದ ತೃಪ್ತಿ ಸಿಗುತ್ತಿತ್ತು. ಕಾರಿನ ನೆತ್ತಿಯ ನಟ್ಟನಡುವೆ ಮಾತ್ರ ಅವರ ಕೈ ಎಟುಕುತ್ತಿರಲಿಲ್ಲ, ಆಳು ಗಿಡ್ಡ. ಸ್ಟೂಲ್ ಹತ್ತುವುದು ಮರ್ಯಾದೆಗೆ ಕಡಿಮೆ. ಅಲ್ಲಿಗೆ ಒಂದು ಚೊಂಬು ನೀರು ಎರಚಿ, "ಅಲ್ಲಿ ಯಾರು ಹತ್ತಿ ನೋಡ್ತಾರೆ," ಎಂದು ಬಿಟ್ಟುಬಿಡುತ್ತಿದ್ದರು.

ವಾರದ ಉಳಿದ ದಿನಗಳಲ್ಲಿ ಅವರು ಬರೀ ಒಬ್ಬ ಮುದುಕ. ತರಕಾರಿ ತಂದರೆ ಬಲಿತದ್ದು ತಂದಿರಿ ಅನ್ನಿಸಿಕೊಳ್ಳುವ, ಟಿವಿ ಜೋರಾಗಿಟ್ಟರೆ ಬೈಸಿಕೊಳ್ಳುವ ಮುದುಕ. ಭಾನುವಾರದ ಆ ಎರಡು ಗಂಟೆ ಮಾತ್ರ ಅವರು ಮತ್ತೆ ಮೇಸ್ತ್ರಿ. ಅದಿಲ್ಲದಿದ್ದರೆ ಅವರಿಗೆ ಬೇರೇನೂ ಇರಲಿಲ್ಲ, ಇದನ್ನು ಅವರು ಬಾಯಿಬಿಟ್ಟು ಹೇಳದಿದ್ದರೂ ಮನೆಯವರಿಗೆ ಗೊತ್ತಿತ್ತು.

ಮನೆಯವರು ಅಂದರೆ ಹೆಂಡತಿ. ಮೂವತ್ತನಾಲ್ಕು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಆಗಿದ್ದವರು, ಬೀದಿಗೆಲ್ಲ ಸಿಸ್ಟರಮ್ಮ. ಗಂಡನಿಗಿಂತ ಒಂದು ಗೇಣು ಎತ್ತರ. ಇವರಿಬ್ಬರ ಪರಿಚಯ ಆದದ್ದೂ ನೆಲದ ದೆಸೆಯಿಂದಲೇ. ಮೇಸ್ತ್ರಿ ವಾರ್ಡಿನ ನೆಲ ಉಜ್ಜಲು ಹೋಗಿ ಯಂತ್ರ ಶುರುಮಾಡಿದ್ದರು. ಉದ್ದನೆಯ ನರ್ಸೊಬ್ಬರು ಬಂದು ಪ್ಲಗ್ ಕಿತ್ತು ಕೈಗೆ ಕೊಟ್ಟು, "ಪೇಷಂಟ್ ಈಗ ತಾನೆ ಮಲಗಿದ್ದಾರೆ, ಕೈಯಲ್ಲಿ ಉಜ್ಜಿ," ಎಂದರು. ಮೇಸ್ತ್ರಿ ಇಡೀ ವಾರ್ಡನ್ನು ಹನ್ನೊಂದು ದಿನ ಕೈಯಲ್ಲೇ ಉಜ್ಜಿದರು. ಪ್ರೀತಿಯಿಂದ ಉಜ್ಜಿದೆ ಎನ್ನುತ್ತಾರೆ ಮೇಸ್ತ್ರಿ. ಹೆದರಿಕೆಯಿಂದ ಎನ್ನುತ್ತಾರೆ ಸಿಸ್ಟರಮ್ಮ.

ಈಗ ಕಥೆಗೆ ಬರೋಣ. ಕಾರು ಬಂದ ಕಾಲದಿಂದಲೇ ಮೇಸ್ತ್ರಿಯ ಎರಡೂ ಕಣ್ಣಿಗೆ ಪೊರೆ ಕಟ್ಟತೊಡಗಿತ್ತು, ಒಂದೆರಡು ವರ್ಷದಿಂದ ಪೂರ್ತಿ ಬಲಿತಿತ್ತು. ಒಪ್ಪಿಕೊಳ್ಳಬೇಕಲ್ಲ? ಟೀಗೆ ಉಪ್ಪು ಹಾಕಿಕೊಂಡು ಕುಡಿದು, "ಇವತ್ತು ರುಚಿ ಬೇರೆ ಥರ ಇದೆ," ಎಂದರೇ ಹೊರತು ಒಪ್ಪಲಿಲ್ಲ. ದೀಪದ ಕಂಬಕ್ಕೆ ನಮಸ್ಕಾರ ಹೇಳಿ, ಅದು ಮಾತಾಡಲಿಲ್ಲವೆಂದು ಎರಡು ದಿನ ಮುನಿಸಿಕೊಂಡರು. ಕೊನೆಗೆ ಒಂದು ಭಾನುವಾರ ಎದುರುಮನೆಯ ಡ್ರಾಯಿಂಗ್ ಮೇಷ್ಟ್ರು ಹೊರಗೆ ಬಂದು ನೋಡುತ್ತಾರೆ, ಗೇಟಿನ ಮುಂದೆ ನಿಲ್ಲಿಸಿದ್ದ ತಮ್ಮ ಕಾರನ್ನು ಮೇಸ್ತ್ರಿ ಬೆವರು ಸುರಿಸಿ ತೊಳೆಯುತ್ತಿದ್ದಾರೆ. ಎಡಗಡೆ ಪೂರ್ತಿ ಮುಗಿದಿತ್ತು.

"ಮೇಸ್ತ್ರಿಗಳೇ, ಇದು ನನ್ನದು."

"ತಮಾಷೆ ಮಾಡ್ಬೇಡಿ ಮೇಷ್ಟ್ರೇ."

"ನನ್ನದು ಬೂದು ಬಣ್ಣದ್ದು."

ಮೇಸ್ತ್ರಿ ಕಾರಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿ, ಬಕೆಟ್ ಎತ್ತಿಕೊಂಡು ಒಳಗೆ ಹೋದರು. ಮಾರನೆಯ ವಾರವೇ ಆಪರೇಷನ್ನಿಗೆ ದಿನ ಗೊತ್ತಾಯಿತು.

ಆಪರೇಷನ್ನಿಗೆ ಅವರು ಹೆದರಲಿಲ್ಲ. ಹೆದರಿದ್ದು ಆಮೇಲಿನ ಪಟ್ಟಿಗೆ. ಬಗ್ಗಬಾರದು, ಭಾರ ಎತ್ತಬಾರದು, ಕಣ್ಣಿಗೆ ನೀರು ಸಿಡಿಯಬಾರದು, ಬಿಸಿಲಿಗೆ ಕಪ್ಪು ಕನ್ನಡಕವಿಲ್ಲದೆ ಬರಬಾರದು. ಎರಡು ಕಣ್ಣೂ ಮುಗಿಯುವವರೆಗೆ ನಾಲ್ಕು ಭಾನುವಾರ ರಜೆ.

"ನಾನು ತೊಳೀತೀನಿ ಬಿಡಿ," ಎಂದರು ಸಿಸ್ಟರಮ್ಮ.

ಮೇಸ್ತ್ರಿ ಬಕೆಟ್ಟನ್ನು ಹತ್ತಿರಕ್ಕೆ ಎಳೆದುಕೊಂಡರು. ತನ್ನ ಸಿಂಹಾಸನದಲ್ಲಿ ಹೆಂಡತಿ ಕೂರುವುದೆಂದರೇನು? ಬೇಡವೆಂದರೆ ಕಾರು ನಾಲ್ಕು ವಾರ ಕೊಳೆಯಾಗಿರುತ್ತದೆ. ಯೋಚಿಸಿ ಯೋಚಿಸಿ, ಎದುರುಮನೆಯ ಡ್ರಾಯಿಂಗ್ ಮೇಷ್ಟ್ರನ್ನು ಸಾಕ್ಷಿಗೆ ಕರೆಸಿ, ಬಕೆಟ್ಟನ್ನು ನಡುವೆ ಇಟ್ಟು ಕಾನೂನು ಹೇಳಿದರು.

"ಕೇಳಿಸ್ಕೊಳ್ಳಿ ಇಬ್ಬರೂ. ಈ ಕಾರಿಗೆ ಗೀರು ಬಿತ್ತೋ, ಗೀರು ಹಾಕಿದ ಕೈ ಮತ್ತೆ ಈ ಬಕೆಟ್ ಮುಟ್ಟಬಾರದು. ಜನ್ಮದಲ್ಲಿ ಮುಟ್ಟಬಾರದು."

"ಯಾರದೇ ಕೈ ಆಗಿರಲಿ?" ಎಂದು ಸಿಸ್ಟರಮ್ಮ ಕೇಳಿದರು.

"ಯಾರದೇ ಆಗಿರಲಿ!"

ಡ್ರಾಯಿಂಗ್ ಮೇಷ್ಟ್ರಿಗೆ ಯಾಕೋ ಕೆಮ್ಮು ಬಂತು.

ಮೊದಲ ಭಾನುವಾರ ಮೇಸ್ತ್ರಿ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಕುರ್ಚಿಯಲ್ಲಿ ತನಿಖಾಧಿಕಾರಿಯ ಹಾಗೆ ಕೂತರು. ಸಿಸ್ಟರಮ್ಮ ಉಂಗುರ, ಗಡಿಯಾರ ಬಿಚ್ಚಿ ಬಟ್ಟಲಿಗೆ ಹಾಕಿದರು, ಉಗುರು ನೋಡಿಕೊಂಡರು, ಏಪ್ರನ್ ಕಟ್ಟಿಕೊಂಡರು. ಕಾರನ್ನು ನೆರಳಿಗೆ ತಳ್ಳಿಸಿದರು, "ಬಿಸಿ ಮೈಗೆ ಸೋಪು ಹಚ್ಚಬಾರದು, ಒಣಗಿ ಕಲೆ ಕೂರತ್ತೆ," ಎಂದು. ಆಮೇಲೆ ಒಂದಲ್ಲ, ಎರಡು ಬಕೆಟ್ ಬಂದವು. ಹಳೆಯದರಲ್ಲಿ ಮಗುವಿನ ತಲೆಗೆ ಹಾಕುವ ಶಾಂಪೂ ಕಲಸಿದ ನೀರು, ಹೊಸದರಲ್ಲಿ ಬರೀ ನೀರು. ಜೊತೆಗೆ ಮೆತ್ತನೆಯ ನಾಲ್ಕು ಬಟ್ಟೆ. ಒಂದರ ಮೂಲೆಗೆ ಕೆಂಪು ದಾರದ ಹೊಲಿಗೆ.

"ಇದೇನೇ ಕೆಂಪು ದಾರ?"

"ಅದು ಟೈರಿನ ಬಟ್ಟೆ. ಪಾದದ ಬಟ್ಟೆ ಮುಖಕ್ಕೆ ಬರಬಾರದು."

ಹಾಸಿಗೆ ಹಿಡಿದವರ ಮೈ ಒರೆಸುವುದರಲ್ಲಿ ಸಿಸ್ಟರಮ್ಮನ ಕೈ ಪಳಗಿತ್ತು. ಅವರಿಗೆ ಗೊತ್ತಿದ್ದ ಸ್ನಾನ ಅದೊಂದೇ, ಕಾರಿಗೂ ಅದನ್ನೇ ಮಾಡಿಸಿದರು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಮೊದಲು ಬರೀ ನೀರು ಹಾಯಿಸಿ ಧೂಳನ್ನೆಲ್ಲ ಇಳಿಸಿದರು.

"ಸ್ವಲ್ಪ ತಣ್ಣಗಾಗತ್ತೆ, ಹೆದರ್ಕೋಬೇಡಿ," ಎಂದರು.

"ನಾನ್ಯಾಕೆ ಹೆದರ್ಲಿ?" ಎಂದರು ಮೇಸ್ತ್ರಿ.

"ನಿಮಗಲ್ಲ."

ಮುಂದಿನ ಗಾಜು ಮೊದಲು, ಅದು ಮುಖ. ಆಮೇಲೆ ಸ್ಟೂಲ್ ಹತ್ತಿ ನೆತ್ತಿ, ಅಂಚಿನಿಂದ ಅಂಚಿಗೆ. ಆಮೇಲೆ ಬಾನೆಟ್, ಬಾಗಿಲು, ಹಿಂಭಾಗ. ಕೆಸರು ಕಟ್ಟಿದ ಕೆಳಗಿನ ಪಟ್ಟಿ ಕೊನೆಗೆ, ಟೈರು ಎಲ್ಲಕ್ಕಿಂತ ಕೊನೆಗೆ. ಸೋಪಿನ ಬಟ್ಟೆಯನ್ನು ನೆಟ್ಟಗೆ ಒಂದು ಎಳೆ ಎಳೆದು, ಬರೀ ನೀರಿನ ಬಕೆಟ್ಟಿನಲ್ಲಿ ಜಾಲಾಡಿ, ಮಣ್ಣು ತಳಕ್ಕಿಳಿದ ಮೇಲೆ ಮತ್ತೆ ಸೋಪಿಗೆ ಅದ್ದುತ್ತಿದ್ದರು. ಒತ್ತುವುದಿಲ್ಲ, ಸುತ್ತಿಸುವುದಿಲ್ಲ. ತೊಳೆದ ಭಾಗ ಒಣಗುವ ಮೊದಲೇ ಒಣ ಬಟ್ಟೆ ಹಾಸಿ, ಮೇಲಿಂದ ಮೆಲ್ಲಗೆ ತಟ್ಟಿ ನೀರು ಹೀರಿಸುವುದು.

ಮೇಸ್ತ್ರಿಗೆ ಕುರ್ಚಿಯಲ್ಲಿ ಮುಳ್ಳು ಮೂಡಿತು. "ಅಷ್ಟು ಮೆತ್ತಗೆ ಮುಟ್ಟಿದ್ರೆ ಕೊಳೆಗೆ ಕಚಗುಳಿ ಆಗತ್ತೆ ಅಷ್ಟೇ! ಒತ್ತೇ!"

"ಪೇಷಂಟ್ ಕಡೆಯವರು ಸುಮ್ಮನೆ ಕೂರಬೇಕು."

ಡಿಕ್ಕಿಯ ಮೇಲೆ ಹಕ್ಕಿಯ ಹಿಕ್ಕೆ ಒಣಗಿ ಕೂತಿತ್ತು. ಸಿಸ್ಟರಮ್ಮ ಅದರ ಮೇಲೆ ಒದ್ದೆ ಬಟ್ಟೆ ಹಾಕಿ ಗಡಿಯಾರ ನೋಡುತ್ತ ನಿಂತರು.

"ಉಗುರಲ್ಲಿ ಕೆರೆದು ಬಿಸಾಕು! ನಾನು ಒಂಬತ್ತು ವರ್ಷ ಹಾಗೇ ಮಾಡಿದ್ದು!"

"ಗಾಯಕ್ಕೆ ಅಂಟಿದ ಬ್ಯಾಂಡೇಜನ್ನ ಹಾಗೇ ಕೀಳ್ತಾರೇನ್ರೀ? ನೆನೆಸಿ ತೆಗೀತಾರೆ."

ಆಮೇಲೆ ಕೈಜಾರಿ ಒಂದು ಬಟ್ಟೆ ನೆಲಕ್ಕೆ ಬಿತ್ತು. ಸಿಸ್ಟರಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ದೂರ ಇಟ್ಟರು, ಅವತ್ತಿಗೆ ಅದರ ಕೆಲಸ ಮುಗಿಯಿತು. ಇದರಿಂದಂತೂ ಮೇಸ್ತ್ರಿಯ ಮೈ ಉರಿದುಹೋಯಿತು. "ಬರೀ ನೆಲ ಮುಟ್ಟಿದ್ದಕ್ಕೆ? ನನ್ನ ನೆಲ ಕಣೇ ಅದು! ನಾನೇ ಉಜ್ಜಿದ ನೆಲ!"

"ನೆಲ ನಿಮ್ಮದು. ಬಟ್ಟೆಗೆ ಅಂಟಿದ ಮರಳು ಯಾರದೋ," ಎಂದು ಸಿಸ್ಟರಮ್ಮ ಚಾರ್ಟ್ ಬರೆಯಲು ಕೂತರು. ಹೌದು, ಚಾರ್ಟ್. ಒಂದು ರಟ್ಟಿಗೆ ಕಾಗದ ಸಿಕ್ಕಿಸಿ ಕಾರಿನ ಕನ್ನಡಿಗೆ ನೇತುಹಾಕಿದ್ದರು. "ಮೊದಲ ಭಾನುವಾರ. ಸ್ನಾನ ಆಯಿತು. ಮುಂದಿನ ಎಡ ಟೈರು ಸ್ವಲ್ಪ ಸಪ್ಪಗಿದೆ. ಪೇಷಂಟ್ ಸಮಾಧಾನವಾಗಿದ್ದಾರೆ. ಕಡೆಯವರು ಗಲಾಟೆ."

ಹೀಗೆ ನಾಲ್ಕು ಭಾನುವಾರ ಕಳೆಯಿತು. ಐದನೆಯ ಭಾನುವಾರಕ್ಕೆ ಕಣ್ಣಿನ ಡಾಕ್ಟರು ಕಪ್ಪು ಕನ್ನಡಕಕ್ಕೆ ಬಿಡುಗಡೆ ಕೊಟ್ಟಿದ್ದರು. ಇನ್ನು ಹನಿ ಔಷಧ ಒಂದೇ ಬಾಕಿ.

ಅವತ್ತು ಬೆಳಿಗ್ಗೆ ಮೇಸ್ತ್ರಿ ಮನೆ ತುಂಬ ಓಡಾಡಿ ಕೂಗಿದ್ದೇ ಕೂಗಿದ್ದು. "ಏನೇ, ಈ ಕರ್ಟನ್ ಹಸಿರಾ? ನಾನು ಕಂದು ಅಂದ್ಕೊಂಡಿದ್ದೆ!" "ಏನೇ, ಫ್ಯಾನಿನ ಮೇಲೆ ಎಷ್ಟು ಧೂಳು!" ಎಲೆಗಳಿಗೆ ಅಂಚು ಬಂದಿತ್ತು, ಗೋಡೆಗೆ ಬಿರುಕು ಬಂದಿತ್ತು. ಹಾಗೇ ಹೊರಗೆ ಬಂದು ಕಾರಿನ ಹೊದಿಕೆ ಎಳೆದರು. ಎಂಟು ಗಂಟೆಯ ಬಿಸಿಲು ಅಡ್ಡಡ್ಡವಾಗಿ ಬಾನೆಟ್ಟಿನ ಮೇಲೆ ಬಿದ್ದಿತ್ತು.

 ಬಿಸಿಲು ಬಿದ್ದಲ್ಲೆಲ್ಲ ಕೂದಲೆಳೆಯಷ್ಟು ಸಣ್ಣ ಗೀರುಗಳು. ಒಂದೆರಡಲ್ಲ, ಸಾವಿರ. ಬಲೆಯ ಮೇಲೆ ಬಲೆ ಹೆಣೆದ ಹಾಗೆ ಬಾನೆಟ್ಟಿಂದ ಬಾಗಿಲಿಗೆ, ಬಾಗಿಲಿಂದ ಡಿಕ್ಕಿಗೆ, ಒಂದಂಗುಲ ಜಾಗ ಬಿಟ್ಟಿರಲಿಲ್ಲ.

"ಅಯ್ಯೋ! ಹಾಳಾಯ್ತಲ್ಲೇ! ಬಾರೇ ಇಲ್ಲಿ!"

ಸಿಸ್ಟರಮ್ಮ ಕಣ್ಣಿನ ಹನಿಯ ಸೀಸೆ ಹಿಡಿದುಕೊಂಡೇ ಹೊರಗೆ ಬಂದರು. ಎದುರುಮನೆಯಿಂದ ಡ್ರಾಯಿಂಗ್ ಮೇಷ್ಟ್ರು ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡೇ ಓಡಿ ಬಂದರು.

"ನಾಲ್ಕೇ ನಾಲ್ಕು ಭಾನುವಾರ!" ಎಂದರು ಮೇಸ್ತ್ರಿ. "ಒಂಬತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದೆ. ನಾಲ್ಕು ಭಾನುವಾರದಲ್ಲಿ ಗುಡಿಸಿ ಹಾಕಿದ್ಯಲ್ಲೇ! ಮೇಷ್ಟ್ರೇ, ನೀವೇ ಸಾಕ್ಷಿ. ಕಾನೂನು ಏನಿತ್ತು ಹೇಳಿ."

ಮೇಷ್ಟ್ರು ಬ್ರಷ್ ತೆಗೆದರು. "ಗೀರು ಹಾಕಿದ ಕೈ ಬಕೆಟ್ ಮುಟ್ಟಬಾರದು ಅಂದಿದ್ರಿ. ಆದ್ರೆ ಮೇಸ್ತ್ರಿಗಳೇ, ಇನ್ನೊಂದ್ಸಲ ಯೋಚನೆ ಮಾಡಿ..."

"ಯೋಚನೆ ಇಲ್ಲ ಏನಿಲ್ಲ. ಮಾತು ಅಂದ್ರೆ ಮಾತು."

ಸಿಸ್ಟರಮ್ಮ ಒಳಗೆ ಹೋಗಿ ಸ್ಟೂಲ್ ತಂದು ಕಾರಿನ ಪಕ್ಕ ಇಟ್ಟರು.

"ಹತ್ತಿ."

"ನನ್ನ ಮಂಡಿ..."

"ನಾನು ಹಿಡ್ಕೋತೀನಿ. ಹತ್ತಿ."

ಒಂಬತ್ತು ವರ್ಷದಲ್ಲಿ ಮೊದಲ ಸಲ ಮೇಸ್ತ್ರಿ ತಮ್ಮ ಕಾರಿನ ನೆತ್ತಿ ನೋಡಿದರು. ಅಂಚಿನ ಸುತ್ತ ಅದೇ ಗೀರುಗಳ ಜಾತ್ರೆ. ನಟ್ಟನಡುವೆ ಮಾತ್ರ ಒಂದು ದಿಂಬಿನಷ್ಟು ಜಾಗ, ನೀಲಿ ಅಂದರೆ ನೀಲಿ, ಶೋರೂಮಿನಿಂದ ಇವತ್ತು ಇಳಿಸಿದ ಹಾಗೆ. ಒಂದೇ ಒಂದು ಗೆರೆ ಇಲ್ಲ.

"ಇಲ್ಲಿ ಏನೂ ಆಗಿಲ್ವಲ್ಲೇ."

"ಹೂಂ. ನಾಲ್ಕು ಭಾನುವಾರ ಅಲ್ಲೂ ನನ್ನ ಕೈ ಓಡಾಡಿದೆ, ಇದೇ ಸ್ಟೂಲ್ ಮೇಲೆ ನಿಂತು. ನೀವೇ ನೋಡಿದ್ರಲ್ಲ."

"ಮತ್ತೆ ಇಲ್ಲಿ ಯಾಕೆ ಗೀರಿಲ್ಲ?"

"ಅಲ್ಲಿಗೆ ಎಟುಕದ ಕೈ ಯಾರದು, ನೀವೇ ಹೇಳಿ."

 ಮೇಸ್ತ್ರಿಯ ಬಲಗೈ ಯಜಮಾನನನ್ನು ಕೇಳದೆ ತಾನಾಗಿ ಗೀರಿನ ಅಂಚಿಗೆ ಹೋಯಿತು, ಗುಂಡಗೆ ಒಂದು ಸುತ್ತು ಬಂತು. ಕೈ ಸುತ್ತಿದ್ದಕ್ಕೂ ಕೆಳಗಿದ್ದ ಗೀರಿಗೂ ಅಳತೆ ತೆಗೆದ ಹಾಗೆ ಹೊಂದಿತು. ಇನ್ನೊಂದು ಸುತ್ತು ಸುತ್ತಿಸಿದರು. ಅದೂ ಹೊಂದಿತು.

"ನನ್ನ ಕಾರಿನಲ್ಲೂ ಇದೆ," ಎಂದರು ಡ್ರಾಯಿಂಗ್ ಮೇಷ್ಟ್ರು ಮೆಲ್ಲಗೆ. "ಎಡಗಡೆ ಮಾತ್ರ."

"ಹಾಗಾದ್ರೆ... ಗೀರು ಮೊದಲಿಂದಲೂ ಇತ್ತಾ? ನೀವು ಪ್ರತಿ ಸಲ ಒಂದೂ ಗೀರಿಲ್ಲ ಅಂತಿದ್ರಿ!"

"ಏನ್ಮಾಡೋದು ಮೇಸ್ತ್ರಿಗಳೇ. ನೀವು ಅಷ್ಟು ಖುಷಿಯಾಗಿ ಕೇಳ್ತಿದ್ರಿ."

ಮೇಸ್ತ್ರಿಗೆ ಒಬ್ಬೊಬ್ಬರ ಮುಖವೂ ಕಣ್ಣ ಮುಂದೆ ಬಂತು. ಬೀದಿಗೆ ಬೀದಿಯೇ ಒಂಬತ್ತು ವರ್ಷ ಸುಳ್ಳು ಹೇಳಿತ್ತು. ಸಿಲಿಂಡರಿನವನು ಬೆನ್ನು ಬಾಗಿಸಿಕೊಂಡೇ ಸುಳ್ಳು ಹೇಳಿದ್ದ. ಮೊದಲು ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಮೇಲೆ ಇನ್ನೊಂದು ಅನ್ನಿಸಿತು. ತನ್ನ ಖುಷಿಗೆ ಒಂದು ಗೀರೂ ಬೀಳದ ಹಾಗೆ ಇಷ್ಟು ಜನ ನೋಡಿಕೊಂಡಿದ್ದರಲ್ಲ.

"ನಿನಗೂ ಗೊತ್ತಿತ್ತೇನೇ?"

"ಎರಡನೇ ತಿಂಗಳಿಂದ."

"ಹೇಳ್ಬಾರದಿತ್ತಾ?"

"ಹೇಳ್ದೆ. ಮೂರು ಸಲ. ಮೂರು ಸಲವೂ ನೀವು ನೆಲ ಉಜ್ಜಿದ ಕಥೆ ಹೇಳಿದ್ರಿ."

ಮೇಸ್ತ್ರಿ ಹೆಂಡತಿಯ ಹೆಗಲು ಹಿಡಿದು ಕೆಳಗಿಳಿದರು. ನಲ್ಲಿಯ ಹತ್ತಿರ ಹೋಗಿ ಹಳೇ ಬಕೆಟ್ ತಂದು ಸಿಸ್ಟರಮ್ಮನ ಕಾಲ ಬಳಿ ಇಟ್ಟರು. ಅದರ ಹಿಡಿಯನ್ನು ಬಿಡಲು ಸ್ವಲ್ಪ ಹೊತ್ತು ಹಿಡಿಯಿತು.

"ತಗೋ. ಇನ್ನು ನಿನ್ನದೇ. ನಾನೇ ಮಾಡಿದ ಕಾನೂನು."  ಭಾನುವಾರ ಬೆಳಿಗ್ಗೆ ಇನ್ನು ಮೇಲೆ ಏನು ಮಾಡುವುದು? ಬಲಿತ ತರಕಾರಿ ತರುವುದೇ?

ಸಿಸ್ಟರಮ್ಮ "ಮುಖ ಮೇಲೆತ್ತಿ, ಹನಿ ಹಾಕ್ಬೇಕು," ಎಂದು ಗಂಡನ ಗಲ್ಲ ಹಿಡಿದು ಹತ್ತಿರ ಬಂದರು. ಆ ಮುಖ ಮೇಸ್ತ್ರಿಗೆ ಅಷ್ಟು ಹತ್ತಿರದಿಂದ, ಅಷ್ಟು ಬಿಸಿಲಿನಲ್ಲಿ, ಆ ಹೊಸ ಕಣ್ಣಿಗೆ ಮೊದಲ ಸಲ ಕಂಡಿತು. ಕಣ್ಣಿನ ಮೂಲೆಯಿಂದ ಕೆನ್ನೆಗೆ, ಹಣೆಯ ಈ ತುದಿಯಿಂದ ಆ ತುದಿಗೆ.

"ನಿನ್ನ ಮುಖದಲ್ಲಿ ಇಷ್ಟೊಂದು ಗೆರೆ ಯಾವಾಗ ಬಂದ್ವೇ?"

ಡ್ರಾಯಿಂಗ್ ಮೇಷ್ಟ್ರು ಬ್ರಷ್ಷನ್ನು ಬಾಯಿಗೆ ತುರುಕಿಕೊಂಡು ಸರಸರ ಮನೆ ಕಡೆ ನಡೆದರು.

"ಕಾರು ನಿಮ್ಮ ಕೈಗೆ ಸಿಕ್ಕಿ ಒಂಬತ್ತು ವರ್ಷ," ಎಂದರು ಸಿಸ್ಟರಮ್ಮ. "ನಾನು ಸಿಕ್ಕಿ ಮೂವತ್ತೆಂಟು."

ಮೇಸ್ತ್ರಿಗೆ ಏನಾದರೂ ಒಳ್ಳೆಯ ಮಾತು ಹೇಳಬೇಕೆನ್ನಿಸಿತು. ಮಾತು ಅವರ ಕಸುಬಲ್ಲ. ಕೈಗೆ ಸಿಕ್ಕ ಬಟ್ಟೆಯನ್ನು ಒಣಹಾಕುವ ಹಗ್ಗದ ಮೇಲಿಂದ ಎಳೆದುಕೊಂಡು, ನಲ್ಲಿಯ ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಹೆಂಡತಿಯ ಹಣೆಯ ಮೇಲಿಟ್ಟರು. ಕೈ ಗುಂಡಗೆ ತಿರುಗಲು ಹೊರಟಿತ್ತು, ತಡೆದರು. ಒತ್ತಲಿಲ್ಲ, ಸುತ್ತಿಸಲಿಲ್ಲ. ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಗಲ್ಲಕ್ಕೆ, ನೆಟ್ಟಗೆ ಒಂದೇ ಎಳೆ. ಮೂವತ್ತನಾಲ್ಕು ವರ್ಷ ಊರವರ ಮುಖವನ್ನೆಲ್ಲ ಒರೆಸಿದ ಸಿಸ್ಟರಮ್ಮ, ತಮ್ಮ ಮುಖವನ್ನು ಇನ್ನೊಬ್ಬರು ಒರೆಸುತ್ತಿರುವಾಗ ಕಣ್ಣು ಮುಚ್ಚಿ ಸುಮ್ಮನೆ ನಿಂತರು. ಹಿತವಾಗಿತ್ತು. ಆಮೇಲೆ ಕಣ್ಣು ಬಿಟ್ಟರು. ಗಂಡನ ಹೊಸ ಕಣ್ಣಿಗೆ ಕಾಣದ ಕೆಂಪು ದಾರ ಅವರಿಗೆ ಕಂಡಿತು.

"ರೀ! ಅದು ಟೈರಿನ ಬಟ್ಟೆ ಕಣ್ರೀ!"

ಅವತ್ತಿನ ಚಾರ್ಟ್ ಈಗಲೂ ಕಾರಿನ ಕನ್ನಡಿಯಲ್ಲಿ ನೇತಾಡುತ್ತಿದೆ, ಯಾರು ಬೇಕಾದರೂ ಓದಬಹುದು. "ಐದನೇ ಭಾನುವಾರ. ಸ್ನಾನ ತಡವಾಯಿತು. ಗೀರುಗಳು ಹಳೆಯವು, ಇನ್ನು ಹೆಚ್ಚುವ ಭಯವಿಲ್ಲ. ಕಾನೂನಿನ ಪ್ರಕಾರ ಸಹಾಯಕರು ಹಳೇ ಬಕೆಟ್ ಮುಟ್ಟುವಂತಿಲ್ಲ. ಆದ್ದರಿಂದ ಹೊಸ ಬಕೆಟ್ ಅವರಿಗೆ ಕೊಟ್ಟಿದೆ. ಕೈ ನೆಟ್ಟಗೆ ಹೋಗಲು ಶುರುವಾಗಿದೆ. ಬಟ್ಟೆ ಯಾವುದೆಂದು ನೋಡಿಕೊಳ್ಳುವುದಿಲ್ಲ. ಗಮನಿಸುತ್ತಿರಬೇಕು."